ಒಗರಿನ ಋಣ

ಅಳಲೆಕಾಯಿಯನ್ನು ಕಂಡು ಮೋಹಗೊಂಡವರನ್ನು ನಾನು ನೋಡಿಲ್ಲ. ಒಣಗಿ ಸುಕ್ಕಾಗಿ, ಉದ್ದಕ್ಕೂ ಏಣುಗಳೆದ್ದು, ಹಳದಿಯೆನ್ನಲಾಗದ, ಕಂದೆನ್ನಲೂ ಆಗದ ಮಂಕು ಬಣ್ಣವನ್ನು ಹೊತ್ತು, ಗ್ರಂಧಿಗೆಯ ಅಂಗಡಿಯ ಗೋಣಿಚೀಲದಲ್ಲಿ ಬಿದ್ದುಕೊಂಡಿರುವ ಈ ಕಾಯಿಗೆ ರೂಪವಿಲ್ಲ, ಪರಿಮಳವಿಲ್ಲ. ರುಚಿಯೊಂದು ಇದ್ದರೂ ಅದು ಯಾರೂ ಬೇಡಿ ಪಡೆಯುವ ರುಚಿಯಲ್ಲ. ಆದರೂ ಈ ದೇಶದಲ್ಲಿ ಪೂರ್ವದಿಂದಲೂ ಮೂರು ವೃತ್ತಿಗಳು ಇದರ ಋಣದಲ್ಲಿವೆ. ವೈದ್ಯನು ಇದನ್ನು ತಾರೆ, ನೆಲ್ಲಿಗಳೊಡನೆ ಕುಟ್ಟಿ ತ್ರಿಫಲಾಚೂರ್ಣವೆಂದು ಕೊಟ್ಟನು. ಲಿಪಿಕಾರನು ಇದನ್ನು ನೀರಿನಲ್ಲಿ ಕುದಿಸಿ, ಅನ್ನಭೇದಿಯನ್ನು ಕೂಡಿಸಿ, ಸುಲಭವಾಗಿ ಅಳಿಯದ ಕಪ್ಪು ಮಸಿಯನ್ನು ಮಾಡಿಕೊಂಡನು. ಚರ್ಮ ಹದಮಾಡುವವನು ಇದನ್ನು ಜಜ್ಜಿ, ಜಾಲಿಯ ತೊಗಟೆಯೊಡನೆ ನೆನೆಯಿಟ್ಟು, ಕೊಳೆತು ಹೋಗಬೇಕಾಗಿದ್ದ ತೊಗಲನ್ನು ವರ್ಷಗಟ್ಟಲೆ ಬಾಳುವ ವಸ್ತುವನ್ನಾಗಿ ಮಾರ್ಪಡಿಸಿದನು. ಮೊದಲಿನವನನ್ನು ಪಂಡಿತನೆಂದೆವು, ಎರಡನೆಯವನಿಗೆ ಮಣೆ ಹಾಕಿ ಕೂರಿಸಿದೆವು, ಮೂರನೆಯವನನ್ನು ಊರಿನ ಹೊರಗಿರಿಸಿ ಮೂಗು ಮುಚ್ಚಿಕೊಂಡೆವು. ಅಕ್ಷರವನ್ನೇ ನಂಬಿ ಹೊಟ್ಟೆ ಹೊರೆಯುವ ನನಗೆ, ಒಂದೇ ಕಾಯಿಯನ್ನು ಹಂಚಿಕೊಂಡಿರುವ ಆ ಮೂರನೆಯವನು ದಾಯಾದಿಯಾಗಬೇಕೆಂಬ ವಿಚಾರ ಬಹುಕಾಲ ಹೊಳೆದಿರಲಿಲ್ಲ; ಹೊಳೆದ ಮೇಲೆ ಮನಸ್ಸನ್ನು ಬಿಟ್ಟು ಹೋಗಲೂ ಇಲ್ಲ.

ಆಯುರ್ವೇದದವರ ಲೆಕ್ಕದಲ್ಲಿ ಅಳಲೆಗೆ ಉಪ್ಪೊಂದನ್ನು ಬಿಟ್ಟು ಉಳಿದ ಐದು ರಸಗಳೂ ಉಂಟು. ಅವರ ನಾಲಗೆಯ ಸೂಕ್ಷ್ಮತೆಗೆ ನಮಸ್ಕಾರ. ನನ್ನಂಥವನು ಒಂದು ಚೂರನ್ನು ಬಾಯಿಗೆ ಹಾಕಿಕೊಂಡರೆ ದಕ್ಕುವುದು ಒಗರೊಂದೇ. ಬಾಯಿಯ ಪಸೆಯೆಲ್ಲ ಆರಿ, ನಾಲಗೆ ಒರಟಾಗಿ, ಕೆನ್ನೆಯ ಒಳಗೋಡೆಗಳು ಬಿಗಿದುಕೊಂಡಂತಾಗುವ ಆ ಅನುಭವಕ್ಕೆ ಕಾರಣವನ್ನು ರಸಾಯನಶಾಸ್ತ್ರಜ್ಞರು ಹೀಗೆ ವಿವರಿಸುತ್ತಾರೆ: ಕಾಯಿಯಲ್ಲಿರುವ ಟ್ಯಾನಿನ್ ಎಂಬ ದ್ರವ್ಯವು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಬಂಧಿಸುತ್ತದೆ, ಜಾರುಗುಣ ಹೋದ ಬಾಯಿಗೆ ಒರಟುತನ ಬರುತ್ತದೆ. ಹಸಿಯ ತೊಗಲೂ ಪ್ರೋಟೀನಿನ ನೂಲುಗಳ ಹೆಣಿಗೆಯೇ ಆದುದರಿಂದ, ಅದೇ ದ್ರವ್ಯವು ಅಲ್ಲಿಯೂ ಎಳೆ ಎಳೆಯನ್ನು ಹಿಡಿದು ಬಂಧಿಸಿದರೆ, ಕ್ರಿಮಿಗಳಿಗೆ ತಿನ್ನಲು ಬಾರದ, ಸುಲಭವಾಗಿ ಕೊಳೆಯದ ಚರ್ಮ ಸಿದ್ಧವಾಗುತ್ತದೆ. ಊಟದ ತರುವಾಯ ಅಡಿಕೆಯನ್ನು ಅಗಿಯುತ್ತ ಜಗುಲಿಯ ಮೇಲೆ ಕುಳಿತು ಚರ್ಮದ ಕೆಲಸದವರ ನೆರಳಿಗೂ ಅಂಜುತ್ತಿದ್ದ ಹಿಂದಿನ ಶಿಷ್ಟರು, ಹದಮಾಡುವ ತೊಟ್ಟಿಯಲ್ಲಿ ನಡೆಯುವ ಆ ವ್ಯಾಪಾರವನ್ನೇ ತಮ್ಮ ಬಾಯಲ್ಲಿ ದಿನಕ್ಕೆ ನಾಲ್ಕು ಬಾರಿ ನಡೆಯಿಸುತ್ತಿದ್ದರೆಂಬುದನ್ನು ಅವರಿಗೆ ತಿಳಿಸಿ ಹೇಳುವ ಧೈರ್ಯ ಯಾರಿಗೂ ಇದ್ದಿರಲಾರದು.

ಹದಮಾಡುವ ಕ್ರಮವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಚಪ್ಪಲಿಯನ್ನು ಕೊಳ್ಳುವವರಿಗೆ ಕಾಣಿಸುವುದು ಹೊಲಿಗೆ ಮಾತ್ರ; ಅದಕ್ಕೆ ಹಿಂದಿನ ತಿಂಗಳೊಪ್ಪತ್ತಿನ ತಪಸ್ಸು ಕಾಣಿಸುವುದಿಲ್ಲ. ಎಮ್ಮೆಯ ತೊಗಲು ಬಂದೊಡನೆ ಅದನ್ನು ತೊಳೆದು ಸುಣ್ಣದ ನೀರಿನ ಗುಂಡಿಯಲ್ಲಿ ಕೆಡಹುತ್ತಾರೆ. ಸುಣ್ಣವು ದಿನಗಳ ಮೇಲೆ ದಿನಗಳು ಕಳೆದಂತೆ ಕೂದಲಿನ ಬೇರನ್ನು ಸಡಿಲಿಸಿ, ತೊಗಲನ್ನು ಉಬ್ಬಿಸುತ್ತದೆ. ಅನಂತರ ಕೂದಲನ್ನೂ, ಒಳಮೈಗೆ ಅಂಟಿಕೊಂಡಿರುವ ಮಾಂಸದ ಪದರನ್ನೂ ಕತ್ತಿಯಿಂದ ಹೆರೆದು, ಸುಣ್ಣ ಪೂರ್ತಿ ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಉಳಿದ ಸುಣ್ಣ ಮುಂದಿನ ಹದವನ್ನೆಲ್ಲ ಕೆಡಿಸುತ್ತದೆ. ಆಮೇಲೆ ಜಾಲಿಯ ತೊಗಟೆ ಮತ್ತು ಅಳಲೆಯ ಪುಡಿ ಬೆರೆತ ನೀರಿನ ಸರದಿ. ಕೊಲ್ಲಾಪುರ, ಬೆಳಗಾವಿಗಳ ಸೀಮೆಯ ಹಳೆಯ ಪದ್ಧತಿಯಲ್ಲಿ ತೊಗಲನ್ನು ನಾರಿನಿಂದ ಹೊಲಿದು ಒಂದು ದೊಡ್ಡ ಚೀಲದಂತೆ ಮಾಡಿ, ಮರದ ಅಡ್ಡೆಗೆ ನೇತುಹಾಕಿ, ಅದರೊಳಗೆ ತೊಗಟೆಯ ಚೂರುಗಳನ್ನೂ ಆ ಒಗರು ನೀರನ್ನೂ ತುಂಬಿಸುತ್ತಾರೆ. ನೀರು ತೊಗಲಿನ ಸೂಕ್ಷ್ಮರಂಧ್ರಗಳಿಂದ ಹನಿಹನಿಯಾಗಿ ಹೊರಗೆ ಸುರಿಯುತ್ತದೆ; ಸುರಿದುದನ್ನು ಕೆಳಗೆ ಹಿಡಿದು ಮತ್ತೆ ಮೇಲಿನಿಂದ ಹೊಯ್ಯುತ್ತಾರೆ; ಕೆಲವು ದಿನಗಳಾದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಮತ್ತೊಂದು ತುದಿಗೂ ನ್ಯಾಯ ಸಲ್ಲಿಸುತ್ತಾರೆ. ಬೇಗ ಮಾಡುತ್ತೇನೆಂದು ಹೊರಟವನಿಗೆ ಇಲ್ಲಿ ಎಡೆಯಿಲ್ಲ. ಮೊದಲ ದಿನವೇ ಗಾಢವಾದ ಕಷಾಯಕ್ಕೆ ಹಾಕಿದರೆ ಮೇಲ್ಮೈ ಮಾತ್ರ ಬಿಗಿದು, ಒಳಗೆ ಹಸಿಯಾಗಿಯೇ ಉಳಿದು, ಆ ಚರ್ಮವು ಮುಂದೆ ಯಾವನೋ ಬಡಪಾಯಿಯ ಕಾಲಿನಲ್ಲಿ ಸೀಳುತ್ತದೆ. ತೆಳುವಿನಿಂದ ಗಾಢಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಹದಮಾಡುವುದನ್ನೇ ಕಸುಬಾಗಿಸಿಕೊಂಡ ಡೋಹರರ ಮನೆಗಳಲ್ಲಿ ಇದನ್ನು ಓದಿ ಕಲಿತವರಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ, ಅಂಚನ್ನು ಕೊಯ್ದು ಒಳಗಿನ ಬಣ್ಣವನ್ನು ಪರೀಕ್ಷಿಸಿ, ‘ಆತು’ ಎಂದೋ ‘ಇನ್ನs ಆಗಬೇಕು’ ಎಂದೋ ತೀರ್ಪು ಕೊಡುತ್ತಿದ್ದರು.

ಹೀಗೆ ಹದವಾದ ಚರ್ಮ ಕಾಲಿಗೆ ಮಾತ್ರ ಸಲ್ಲುತ್ತಿತ್ತೆಂದು ಭಾವಿಸಬಾರದು. ನೊಗಕ್ಕೆ ಕಟ್ಟುವ ಮಿಣಿ, ಎತ್ತಿನ ಕೊರಳ ಪಟ್ಟಿ, ಬಾರುಕೋಲಿನ ಬಾರು, ಕಮ್ಮಾರನ ತಿದಿ, ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ, ಇವೆಲ್ಲ ಒಬ್ಬನ ಕೈಯಿಂದಲೇ ಬರಬೇಕಾಗಿತ್ತು. ಅವನು ಒಂದು ತಿಂಗಳು ಮುನಿಸಿಕೊಂಡು ಕುಳಿತರೆ ಊರಿನ ಉಳುಮೆ ನಿಲ್ಲುತ್ತಿತ್ತು. ಅದಕ್ಕಾಗಿಯೇ ಅವನನ್ನು ಆಯಗಾರರಲ್ಲಿ ಒಬ್ಬನನ್ನಾಗಿಸಿ, ಸುಗ್ಗಿಯ ಕಣದಲ್ಲಿ ಇಷ್ಟು ಕಾಳೆಂದು ಗೊತ್ತುಪಡಿಸಿದ್ದರು. ಕಪಿಲೆಯ ಬಾನಿಗೆ ಸಂಬಂಧಿಸಿದ ಒಂದು ಸಂಗತಿ ನನಗೆ ಸ್ವಾರಸ್ಯವಾಗಿ ತೋರುತ್ತದೆ. ಯುರೋಪು ಅಮೆರಿಕಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಕ್ರೋಮ್ ಲವಣದ ಹದವನ್ನು ದಕ್ಷಿಣದೇಶಕ್ಕೆ ತಂದು ಮದರಾಸಿನಲ್ಲಿ ಪ್ರಯೋಗ ನಡೆಸಿದವರು ಆಲ್ಫ್ರೆಡ್ ಚ್ಯಾಟರ್ಟನ್. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ತೊಗಟೆಯ ಹದದ ಚರ್ಮವು ಸದಾ ನೀರಿನಲ್ಲಿದ್ದರೆ ಬೇಗ ಕೆಡುತ್ತದೆ, ಕ್ರೋಮ್ ಹದದ್ದು ಹೆಚ್ಚು ಬಾಳುತ್ತದೆ ಎಂದು ಕಂಡುಕೊಂಡ ಅವರು, ಅದನ್ನು ಮೊದಲು ಪ್ರಚಾರಕ್ಕೆ ತರಲು ಆರಿಸಿಕೊಂಡ ಪದಾರ್ಥಗಳಲ್ಲಿ ರೈತನ ನೀರಿನ ಬಾನಿಯೂ ಒಂದು. ವಾರಗಳು ಹಿಡಿಯುತ್ತಿದ್ದ ಕೆಲಸವನ್ನು ಕ್ರೋಮ್ ಒಂದೆರಡು ದಿನಗಳಿಗೆ ಇಳಿಸಿತು. ಕಾಲಕ್ರಮದಲ್ಲಿ ಪಂಪು ಬಂದು ಬಾನಿ ಹೋಯಿತು, ನೈಲಾನ್ ಬಂದು ಮಿಣಿ ಹೋಯಿತು, ಟ್ರ್ಯಾಕ್ಟರು ಬಂದು ಬಾರುಕೋಲು ಹೋಯಿತು. ಕೊನೆಗೆ ಕೈಕೆಲಸದವನ ಪಾಲಿಗೆ ಉಳಿದದ್ದು ಮನುಷ್ಯನ ಎರಡು ಪಾದಗಳು.

ಆ ಪಾದಗಳ ಸೇವೆ ಹೇಗೆ ನಡೆಯುತ್ತದೆಂಬುದನ್ನು ನೋಡಬೇಕೆನ್ನುವವರು ಅಥಣಿಗೆ ಹೋಗಬೇಕು. ಬೆಳಗಾವಿ ಜಿಲ್ಲೆಯ ಆ ಊರಿನಲ್ಲಿ, ಅದರ ನೆರೆಯ ಮದಭಾವಿಯಲ್ಲಿ, ಆಚೆ ನಿಪ್ಪಾಣಿಯಲ್ಲಿ, ಲೋಕವೆಲ್ಲ ಕೊಲ್ಲಾಪುರಿಯೆಂದು ಕರೆಯುವ ಕೆರಗಳು ಮನೆಮನೆಯಲ್ಲಿ ಹುಟ್ಟುತ್ತವೆ. ಹುಟ್ಟಿದ ಮನೆ ಅಥಣಿ, ಕೊಟ್ಟ ಮನೆ ಕೊಲ್ಲಾಪುರ. ಹೆಣ್ಣುಮಗಳ ಹಾಗೆ ಹೆಸರು ಮಾತ್ರ ಕೊಟ್ಟ ಮನೆಯದು. ನಾನು ಹೋಗಿ ಕುಳಿತದ್ದು ಒಂದು ಓಣಿಯ ಸಣ್ಣ ಮನೆಯ ಪಡಸಾಲೆಯಲ್ಲಿ. ಮನೆಯ ಹಿರಿಯರು ಎಪ್ಪತ್ತನ್ನು ಸಮೀಪಿಸಿದವರು, ಮಾತಿನಲ್ಲಿ ಮಿತವಾದವರು. ಅವರ ಮುಂದೆ ನೆಲದಲ್ಲಿ ಹೂತ ನುಣುಪಾದ ಒಂದು ಕಲ್ಲು, ಪಕ್ಕದಲ್ಲಿ ರಾಂಪಿ, ಆರಿ, ಒಂದು ಕೊಡತಿ. ಇಷ್ಟೇ ಅವರ ಕಾರ್ಖಾನೆ.

ನೆನೆದ ಎಮ್ಮೆಚರ್ಮದ ತುಂಡೊಂದನ್ನು ಎತ್ತಿ ಅವರು ಬೆಳಕಿಗೆ ಹಿಡಿದು ನೋಡಿದರು. ಬೆನ್ನಿನ ಭಾಗದ ಚರ್ಮ ದಟ್ಟವಾದುದು, ಅಟ್ಟೆಗೆ ಅದೇ ಬೇಕು. ಹೊಟ್ಟೆಯ ಭಾಗದ್ದು ಸಡಿಲ, ಎಳೆದರೆ ಹಿಗ್ಗುತ್ತದೆ. ಎಡಗಾಲಿನದು ಬೆನ್ನಿನದಾಗಿ ಬಲಗಾಲಿನದು ಹೊಟ್ಟೆಯದಾದರೆ ಆರು ತಿಂಗಳಲ್ಲಿ ಅವೆರಡೂ ಒಂದೇ ಜೋಡಿಯವೆಂದು ಯಾರೂ ನಂಬಲಾರರು. ತಗಡಿನ ಅಚ್ಚನ್ನು ಇಟ್ಟು ಗೆರೆ ಎಳೆದು, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನಿಂದ ಅದುಮಿ ಹಿಡಿದು, ರಾಂಪಿಯನ್ನು ಮೈಯಿಂದ ಆಚೆಗೆ ನೂಕುತ್ತ ಅವರು ಕೊಯ್ದಾಗ, ಅಷ್ಟು ದಪ್ಪನೆಯ ಚರ್ಮವು ಸದ್ದಿಲ್ಲದೆ ಎರಡಾಯಿತು. ಕೊಯ್ದ ಅಟ್ಟೆಯನ್ನು ಕಲ್ಲಿನ ಮೇಲಿಟ್ಟು ಬಡಿದರು. ಆ ಬಡಿತದ ಉದ್ದೇಶ ಚಪ್ಪಟೆ ಮಾಡುವುದಷ್ಟೇ ಅಲ್ಲ. ಒಳಗಿನ ನೂಲುಗಳು ಒತ್ತೊತ್ತಾಗಿ ಕೂತು, ಅಟ್ಟೆ ಗಟ್ಟಿಯಾಗಿ, ಸವೆತಕ್ಕೆ ಎದುರು ನಿಲ್ಲುತ್ತದೆ. ಬಳಿಕ ಮೇಲಟ್ಟೆ ಕೆಳಗಟ್ಟೆಗಳ ನಡುವೆ ನಯವಾದ ಜೇಡಿಮಣ್ಣಿನ ಸರಿಯನ್ನು ಸವರಿ, ಎರಡು ಪಕ್ಕಗಳಲ್ಲಿ ಪಟ್ಟಿಯನ್ನು ಹಿಡಿಯುವ ಕಿವಿಗಳನ್ನು ಸಿಕ್ಕಿಸಿ, ಮತ್ತೆ ಬಡಿದು ಕೂರಿಸಿದರು. ಹೊಲಿಗೆಗೆ ದಾರವಿಲ್ಲ, ಮೊಳೆಯಂತೂ ಇಲ್ಲವೇ ಇಲ್ಲ. ಅದೇ ಚರ್ಮದಿಂದ ಸೀಳಿದ ತೆಳ್ಳನೆಯ ಬಾರನ್ನು ಒದ್ದೆಯಾಗಿರುವಾಗಲೇ ಆರಿಯ ತೂತಿನಲ್ಲಿ ತೂರಿಸಿ ಎಳೆಯುತ್ತಾರೆ, ಒಣಗಿದಂತೆ ಅದು ತಾನೇ ಬಿಗಿದುಕೊಳ್ಳುತ್ತದೆ. ನಡೆದರೆ ಕಿರ್‍ರೆನ್ನಬೇಕೆಂದು ಬಯಸುವ ಷೋಕಿಲಾಲರಿಗಾಗಿ ಅಟ್ಟೆಗಳ ನಡುವೆ ಒಂದು ಬಗೆಯ ಬೀಜವನ್ನಿಟ್ಟು ಹೊಲಿಯುವ ರೂಢಿಯೂ ಉಂಟು. ಬರುವವನ ಆಗಮನವನ್ನು ಅವನ ಕೆರವೇ ಮುಂಚಿತವಾಗಿ ಸಾರುತ್ತಿದ್ದ ಆ ಕಾಲದಲ್ಲಿ, ಮನೆಯ ಸೊಸೆಯಂದಿರು ಮಾವನವರ ಸುಳಿವನ್ನು ಓಣಿಯ ತಿರುವಿನಲ್ಲೇ ಹಿಡಿಯುತ್ತಿದ್ದಿರಬೇಕು.

ಗೋಡೆಗೆ ಒರಗಿ ಕುಳಿತಿದ್ದ ಅವರ ಮನೆಯಾಕೆಯ ಕೈ ಆಡುತ್ತಲೇ ಇತ್ತು. ಮೇಕೆಯ ಚರ್ಮದ ಸಣ್ಣ ಎಳೆಗಳನ್ನು ಆಕೆ ಹೆಣೆಯುತ್ತಿದ್ದರು. ಅಲ್ಲಿ ಅದನ್ನು ವೇಣಿ ಎನ್ನುತ್ತಾರೆ. ಕಣ್ಣು ನನ್ನ ಮೇಲೆ, ಮಾತು ಮೊಮ್ಮಗನ ಶಾಲೆಯ ಮೇಲೆ, ಬೆರಳುಗಳು ಮಾತ್ರ ತಮ್ಮ ಪಾಡಿಗೆ ಎಳೆಯನ್ನು ಎಳೆಯ ಕೆಳಗೆ ನುಸುಳಿಸುತ್ತ, ಒಂದು ಗಂಟಿಗೂ ಇನ್ನೊಂದಕ್ಕೂ ಎಳ್ಳಷ್ಟು ಅಂತರ ಬಾರದಂತೆ ಸಾಗುತ್ತಿದ್ದುವು. ಪಟ್ಟಿಯ ಮೇಲೆ ಸಣ್ಣ ಅಚ್ಚುಳಿಗಳಿಂದ ತೂತುಗಳ ಸಾಲನ್ನು ಕೊರೆದು ಮಾಡುವ ಚಿತ್ತಾರವೂ ಬಹುಮಟ್ಟಿಗೆ ಹೆಂಗಸರದೇ. ‘ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಕಾಕು?’ ಎಂದು ಕೇಳಿದೆ. ‘ಹೊತ್ತ ಯಾರ ಲೆಕ್ಕಾ ಇಟ್ಟಾರ್ರಿ ಮಾಸ್ತರ್ರ? ಅಡಗಿ ನಡಬರಕ ಒಂದೀಟ, ಹುಡುಗರು ಮಲಗಿದ ಮ್ಯಾಲೆ ಒಂದೀಟ,’ ಎಂದರು. ಲೆಕ್ಕವಿಡದ ಆ ಹೊತ್ತು ಬೆಲೆಯಲ್ಲಿಯೂ ಸೇರುವುದಿಲ್ಲವೆಂಬುದನ್ನು ನಾನು ಹೇಳಬೇಕಾಗಿಲ್ಲ. ಸುಮಾರು ಕಾಲು ಶತಮಾನದ ಹಿಂದೆ ಇದೇ ಅಥಣಿಯಲ್ಲಿ ಟೋಹೋಲ್ಡ್ ಎಂಬ ಹೆಸರಿನಲ್ಲಿ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿ, ಮಾಲನ್ನು ನೇರವಾಗಿ ಪರದೇಶಗಳಿಗೆ ಕಳುಹಿಸುವ ಯತ್ನ ನಡೆದಾಗ, ಈ ಕಸುಬಿನಲ್ಲಿ ಹೆಣ್ಣಿನ ಕೈಯೂ ಕೂಲಿಗೆ ಅರ್ಹವಾದ ಕೈಯೆಂಬುದು ಕಾಗದದ ಮೇಲೆ ಬಂದಿತು.

ಅಷ್ಟರಲ್ಲಿ ಒಂದು ಸಣ್ಣ ಘಟನೆಯಾಯಿತು. ಮೊಮ್ಮಗನು ಓಡಿಬಂದು ತುಕ್ಕು ಹಿಡಿದ ತಗಡಿನ ಡಬ್ಬಿಯೊಂದನ್ನು ಎಡವಿದನು. ಅದರಲ್ಲಿದ್ದ ನೀರಿನ ನಾಲ್ಕು ಹನಿಗಳು ಹೊಂಬಣ್ಣದ ಪಟ್ಟಿಯೊಂದರ ಮೇಲೆ ಸಿಡಿದುವು. ಹಿರಿಯರು ಹುಡುಗನನ್ನು ಗದರಿಸಿ, ಬಟ್ಟೆಯಿಂದ ಒರೆಸಲು ಕೈ ಚಾಚುವಷ್ಟರಲ್ಲಿ ಹನಿ ಬಿದ್ದಲ್ಲೆಲ್ಲ ಬೂದುಬಣ್ಣ ಮೂಡಿ, ನೋಡನೋಡುತ್ತ ಅದು ಕಪ್ಪಿಗೆ ತಿರುಗಿತು. ‘ಕಬ್ಬಣದ ನೀರ ಬಿದ್ದರ ಮುಗೀತ್ರಿ, ಏನ ಮಾಡಿದ್ರೂ ಹೋಗಂಗಿಲ್ಲ. ಇನ್ನ ಇದನ್ನ ಕರೇ ಜೋಡಿಗೆ ಹಾಕಬೇಕು,’ ಎಂದು ಅವರು ಪಟ್ಟಿಯನ್ನು ಬದಿಗಿಟ್ಟರು. ಅವರಿಗೆ ಅದು ನಷ್ಟ. ನನಗೆ ಅದು ಮಸಿ. ಅಳಲೆಯ ಒಗರೂ ಕಬ್ಬಿಣವೂ ಕೂಡಿದರೆ ಆಗುವ ಆ ಕಪ್ಪೇ ನಮ್ಮ ಪೂರ್ವಿಕರ ದೌತಿಯಲ್ಲಿದ್ದ ಕಪ್ಪು. ಕಾಳಹಸ್ತಿಯ ಕಲಂಕಾರಿಯವರು ಬಟ್ಟೆಯನ್ನು ಅಳಲೆಯ ನೀರಿನಲ್ಲಿ ಅದ್ದಿ, ಬೆಲ್ಲದಲ್ಲಿ ಕಬ್ಬಿಣವನ್ನು ಹುದುಗಿಸಿ ತೆಗೆದ ರಸದಿಂದ ದೇವತೆಗಳ ರೇಖೆಯನ್ನು ಬರೆಯುವ ಕಪ್ಪೂ ಅದೇ. ಲಿಪಿಕಾರನು ಮನೆಯಲ್ಲಿ ಕಷ್ಟಪಟ್ಟು ಮಾಡಿಕೊಳ್ಳುತ್ತಿದ್ದುದನ್ನು ಈ ಪಡಸಾಲೆಯಲ್ಲಿ ಕಷ್ಟಪಟ್ಟು ತಡೆಯುತ್ತಾರೆ, ಅಷ್ಟೇ ಅಂತರ. ದಾಯಾದಿತನಕ್ಕೆ ಇದಕ್ಕಿಂತ ಸ್ಪಷ್ಟವಾದ ದಸ್ತಾವೇಜನ್ನು ನಾನು ಬೇರೆ ಯಾವ ಕಚೇರಿಯಲ್ಲಿಯೂ ಕಂಡಿಲ್ಲ. ಮಾರುಕಟ್ಟೆಯಲ್ಲಿ ತೊಗಟೆಯ ಹದದ್ದೆಂದು ಹೇಳಿ ಬೇರೊಂದನ್ನು ಕೊಡುವವರಿರುವುದರಿಂದ, ಅಟ್ಟೆಯ ಮೂಲೆಯಲ್ಲಿ ತುಕ್ಕುನೀರಿನ ಒಂದು ಹನಿಯನ್ನು ಬಿಟ್ಟು ನೋಡುವ ಈ ಪರೀಕ್ಷೆ ಕೊಳ್ಳುವವರಿಗೂ ಉಪಯೋಗಕ್ಕೆ ಬಂದೀತು. ಅಂಗಡಿಯವರ ಕಣ್ಣೆದುರಿಗೆ ಮಾಡುವ ಸಾಹಸ ಮಾತ್ರ ಬೇಡ.

ಕೊನೆಯ ಕೆಲಸ ಅಂಚಿನದು. ಪದರಗಳ ಅಂಚು ಒಂದರ ಮೇಲೊಂದು ಸಮನಾಗಿ ಬರುವವರೆಗೆ ರಾಂಪಿಯಿಂದ ಸವರಿ, ಒದ್ದೆ ಬಟ್ಟೆಯಿಂದ ಉಜ್ಜಿ ನುಣುಪು ಮಾಡಿ, ಮೇಲೆ ಎಣ್ಣೆ ಹಚ್ಚುತ್ತಾರೆ. ಎಣ್ಣೆ ತಾಗಿದೊಡನೆ ಆ ಪೇಲವ ಚರ್ಮಕ್ಕೆ ಜೇನಿನ ಬಣ್ಣ ಬರುವ ಕ್ಷಣವನ್ನು ನೋಡಿದವರಿಗೆ, ಬಣ್ಣದ ಡಬ್ಬಿಯಿಂದ ಬಂದ ಬಣ್ಣ ರುಚಿಸುವುದಿಲ್ಲ. ಇಷ್ಟಾದರೂ ಜೋಡು ಮುಗಿಯಿತೆಂದು ಹೇಳಲಾಗದು. ಹೊಸ ಕೆರ ಕಚ್ಚುತ್ತದೆ. ಹೆಬ್ಬೆರಳಿನ ಬುಡದಲ್ಲಿ, ಪಾದದ ಏರಿನಲ್ಲಿ, ಒಮ್ಮೊಮ್ಮೆ ಹಿಮ್ಮಡಿಯಲ್ಲಿ. ನಾನು ಆ ಸಂದೇಹವನ್ನು ಮುಂದಿಟ್ಟಾಗ ಹಿರಿಯರು ಮೊದಲ ಬಾರಿಗೆ ನಕ್ಕರು. ‘ಮೊದಲ ಎಂಟ ದಿನಾ ಅದು ನಿಮ್ಮ ಕಾಲಿನ ಮಾತ ಕೇಳಂಗಿಲ್ರಿ ಮಾಸ್ತರ್ರ. ರಾತ್ರಿ ಒಂದೀಟ ಎಣ್ಣಿ ಹಚ್ಚಿ ಇಡ್ರಿ, ಮುಂಜಾನೆ ಹಾಕ್ಕೊಂಡ ತಿರಗ್ರಿ. ಆಮ್ಯಾಲೆ ನೀವು ಒಲ್ಲೆ ಅಂದ್ರೂ ಅದು ಕಾಲ ಬಿಡಂಗಿಲ್ಲ.’ ಕಾಲಿನ ಬಿಸಿ, ಬೆವರು, ಎಣ್ಣೆ, ಭಾರ ಇವೆಲ್ಲ ಸೇರಿ ಅಟ್ಟೆಯ ಮೇಲೆ ಐದು ಬೆರಳುಗಳ ತಗ್ಗನ್ನು ಮೂಡಿಸಿದಾಗ ಕೆಲಸ ಪೂರೈಸುತ್ತದೆ. ಹಾಗೆ ನೋಡಿದರೆ ಕೊನೆಯ ಹಂತದ ಕೂಲಿಯಾಳು ಕೊಂಡವನೇ. ಯಂತ್ರದಿಂದ ಬಂದ ಮೆತ್ತನೆಯ ರಬ್ಬರಿನ ಚಪ್ಪಲಿ ಮೊದಲ ದಿನ ಹೇಗೆ ಒಲಿಯುತ್ತದೆಯೋ ಕೊನೆಯ ದಿನವೂ ಹಾಗೆಯೇ ಒಲಿಯುತ್ತದೆ. ಯಾರ ಕಾಲಿಗಾದರೂ ಒಲಿಯುತ್ತದೆ. ಅದರ ಮೇಲೆ ನನಗೆ ದ್ವೇಷವಿಲ್ಲ, ಮಳೆಗಾಲದಲ್ಲಿ ಅದನ್ನೇ ಮೆಟ್ಟುತ್ತೇನೆ.

ಮಾರಾಟದ ವಿಷಯಕ್ಕೆ ಬಂದರೆ ಮನಸ್ಸು ಕಹಿಯಾಗುತ್ತದೆ. ನಾನು ಅಲ್ಲಿ ಕುಳಿತಿರುವಾಗಲೇ ಮದುವೆಯ ಜವಳಿ ಮುಗಿಸಿಕೊಂಡು ಬಂದ ಒಂದು ಕುಟುಂಬ ಮುಂಬಾಗಿಲ ಅಂಗಡಿಗೆ ಬಂದಿತು. ಅವರ ಕೈಯಲ್ಲಿದ್ದ ಜವಳಿ ಅಂಗಡಿಯ ಚೀಲಗಳನ್ನು ನೋಡಿದರೆ, ಅಲ್ಲಿ ಹಚ್ಚಿದ್ದ ಚೀಟಿಯ ಬೆಲೆಯನ್ನು ಮರುಮಾತಿಲ್ಲದೆ ತೆತ್ತು ಬಂದವರೆಂಬುದು ತಿಳಿಯುತ್ತಿತ್ತು. ಇಲ್ಲಿ ಮಾತ್ರ ಮದುಮಗನ ಜೋಡನ್ನು ಮಡಚಿ, ಬಗ್ಗಿಸಿ, ಮೂಸಿ, ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ, ಕೊಡದಿದ್ದರೆ ಹೊರಟಂತೆ ನಟಿಸಿ, ಮತ್ತೆ ತಿರುಗಿ ಬಂದರು; ಕಡೆಗೆ ಬೋಣಿಗೆಯ ಹೆಸರಿನಲ್ಲಿ ಹಿರಿಯರೇ ಸೋತು ಕೊಟ್ಟರು. ಸಂಸಾರವಂದಿಗರು ಚೌಕಾಶಿ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಗಾಜಿನ ಬಾಗಿಲಿನ ಅಂಗಡಿಯಲ್ಲಿ ಹೊರಡದ ನಾಲಗೆ ನೆಲದ ಮೇಲೆ ಕುಳಿತವನ ಮುಂದೆ ಮಾತ್ರ ಹರಿತವಾಗುವುದನ್ನು ಜಾಣತನವೆಂದು ಒಪ್ಪಲು ನನಗೆ ಸಾಧ್ಯವಿಲ್ಲ.

ದಲ್ಲಾಳಿಗಳ ಕಥೆಯೂ ಇದಕ್ಕಿಂತ ಮಿಗಿಲಲ್ಲ. ಇಲ್ಲಿಂದ ಗಂಟುಕಟ್ಟಿ ಒಯ್ದ ಮಾಲು ಆಚೆಯ ಪೇಟೆಯ ದೀಪದ ಬೆಳಕಿಗೆ ಬಂದೊಡನೆ ಬೆಲೆ ಏರಿಸಿಕೊಳ್ಳುತ್ತದೆ. ಹೊಲಿದವನಿಗೆ ಮುಂಗಡದ ಸಾಲ ಮಾತ್ರ ಉಳಿಯುತ್ತದೆ. ಮಳೆಗಾಲದಲ್ಲಿ ಚರ್ಮ ಒಣಗುವುದಿಲ್ಲ, ಕೊಳ್ಳುವವರೂ ಬರುವುದಿಲ್ಲ. ಆ ತಿಂಗಳುಗಳ ಹಸಿವೇ ದಲ್ಲಾಳಿಯ ಬಂಡವಾಳ. ಊರಿನಲ್ಲಿಯೇ ಹದಮಾಡುವ ಗುಂಡಿಗಳು ಒಂದೊಂದಾಗಿ ಮುಚ್ಚಿದಂತೆ, ಹದವಾದ ಚರ್ಮವನ್ನು ಹೊರಗಿನಿಂದ ಕೊಂಡು ತರುವ ಖರ್ಚು ಬೇರೆ ಕೂಡಿಕೊಂಡಿದೆ. ಸರಕಾರವು ಸುಮ್ಮನೆ ಕುಳಿತಿಲ್ಲ: ಕರ್ನಾಟಕದಲ್ಲಿ 1976ರಲ್ಲಿ ಚರ್ಮೋದ್ಯಮ ಅಭಿವೃದ್ಧಿ ನಿಗಮ ಸ್ಥಾಪಿತವಾಯಿತು, ಅದನ್ನೇ ಜನ ಲಿಡ್ಕರ್ ಎನ್ನುತ್ತಾರೆ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದಾಗ, ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಹಕ್ಕುದಾರ ಜಿಲ್ಲೆಗಳೆಂದು ದಾಖಲಾದುವು. ಗಡಿಯ ವಿಷಯದಲ್ಲಿ ಹೆಜ್ಜೆಹೆಜ್ಜೆಗೂ ಜಗಳವಾಡುವ ಎರಡು ರಾಜ್ಯಗಳು ಹೆಜ್ಜೆಯಿಡುವ ಸಾಧನದಲ್ಲಾದರೂ ಒಂದಾದುವಲ್ಲ ಎಂದು ನಾನು ಸಂತೋಷಪಟ್ಟೆ.

ಮುದ್ರೆಯ ಮಹಿಮೆ ಪೂರ್ತಿಯಾಗಿ ಬೆಳಕಿಗೆ ಬಂದದ್ದು 2025ರ ಜೂನ್ ತಿಂಗಳಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ. ಪ್ರಾಡಾ ಎಂಬ ಧನಾಢ್ಯ ಸಂಸ್ಥೆ ತನ್ನ ಹೊಸ ಉಡುಪುಗಳ ಪ್ರದರ್ಶನದಲ್ಲಿ ತರುಣರ ಕಾಲಿಗೆ ತೊಡಿಸಿದ್ದ ಚಪ್ಪಲಿಯನ್ನು ಕಂಡು ನಮ್ಮವರು ಬೆಚ್ಚಿದರು: ಉಂಗುಟದ ಉಂಗುರ, ಅಡ್ಡಪಟ್ಟಿ, ಹೆಣಿಗೆ, ಎಲ್ಲವೂ ಪರಿಚಿತ, ಹೆಸರೊಂದೇ ಇಲ್ಲ. ಬೆಲೆ ಲಕ್ಷ ರೂಪಾಯಿಯನ್ನು ಮೀರಿದ್ದೆಂದು ಪತ್ರಿಕೆಗಳು ಬರೆದುವು. ಕೂಗು ಎದ್ದ ಮೇಲೆ ಆ ಸಂಸ್ಥೆ ಭಾರತದ ಪಾರಂಪರಿಕ ಪಾದರಕ್ಷೆಯೇ ಪ್ರೇರಣೆಯೆಂದು ಒಪ್ಪಿಕೊಂಡಿತು. ತರುವಾಯ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಡಂಬಡಿಕೆಗೂ ಬಂದಿತು. ಅಂದು ಪರದೇಶದವರನ್ನು ಕಳ್ಳರೆಂದು ಬೈದ ನಮ್ಮಲ್ಲಿ ಎಷ್ಟು ಮಂದಿ ಅಥಣಿಯ ಜೋಡನ್ನು ಪೂರಾ ಬೆಲೆ ಕೊಟ್ಟು ಕೊಂಡಿದ್ದೆವು? ಅವರು ಹೆಸರನ್ನು ಬಿಟ್ಟು ಬೆಲೆಯನ್ನು ಕಟ್ಟಿದರು. ನಾವು ಹೆಸರನ್ನು ಜಪಿಸುತ್ತ ಬೆಲೆಯನ್ನು ಮುರಿದೆವು. ಎರಡರಲ್ಲಿ ಯಾವುದು ದೊಡ್ಡ ಅಪರಾಧವೆಂಬುದನ್ನು ಹೊಲಿದವರನ್ನೇ ಕೇಳುವುದು ಒಳ್ಳೆಯದು.

ಈ ಕಸುಬಿಗೆ ಮರ್ಯಾದೆಯ ಕಾಲವೊಂದು ನಮ್ಮಲ್ಲಿ ಬಂದುಹೋಗಿತ್ತು. ಹನ್ನೆರಡನೆಯ ಶತಮಾನದ ಶರಣರ ನಡುವೆ ಡೋಹರ ಕಕ್ಕಯ್ಯನಿದ್ದನು, ಮಾದಾರ ಧೂಳಯ್ಯನಿದ್ದನು. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟ ಹರಳಯ್ಯ ಕಲ್ಯಾಣಮ್ಮರ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಮಾತ್ರ ಮಾದಾರ ಚೆನ್ನಯ್ಯನ ಅಂಕಿತ. ಇತರರು ತಮ್ಮ ಇಷ್ಟದೈವದ ಹೆಸರನ್ನಿಟ್ಟು ವಚನವನ್ನು ಮುಗಿಸುವಲ್ಲಿ, ಚೆನ್ನಯ್ಯನು ದೇವರ ಹೆಸರಿಗೆ ಮೊದಲು ತನ್ನ ಉಪಕರಣಗಳನ್ನು, ಕೈಯುಳಿಯನ್ನೂ ಕತ್ತಿಯನ್ನೂ ಚರ್ಮವನ್ನಿಟ್ಟು ಕೊಯ್ಯುವ ಅಡಿಗುಂಟವನ್ನೂ ತಂದು ಕೂರಿಸುತ್ತಾನೆ. ಇಲ್ಲಿ ಮಸಿಯೂ ಚರ್ಮವೂ ಒಬ್ಬನಲ್ಲಿಯೇ ಕೂಡಿದುವು. ಆ ಕೂಟ ಬಹಳ ದಿನ ಬಾಳಲಿಲ್ಲವೆಂಬುದಕ್ಕೆ ಕಲ್ಯಾಣದ ಚರಿತ್ರೆಯೇ ಸಾಕ್ಷಿ.

ಬ್ಯಾರಿಸ್ಟರರೊಬ್ಬರು ಇದೇ ಕೆಲಸವನ್ನು ಕಲಿತದ್ದೂ ಉಂಟು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂನಲ್ಲಿ ಗಾಂಧೀಜಿ ಚಪ್ಪಲಿ ಹೊಲಿಯುವುದನ್ನು ಕಲಿತರು. ಅವರ ಮಿತ್ರ ಕ್ಯಾಲನ್‌ಬಾಕ್ ಆ ವಿದ್ಯೆಯನ್ನು ಮರಿಯನ್‌ಹಿಲ್‌ನ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಕಲಿತು ಬಂದಿದ್ದರು. ತಮ್ಮನ್ನು ಸೆರೆಗೆ ತಳ್ಳಿದ ಜನರಲ್ ಸ್ಮಟ್ಸ್‌ಗೆ ತಾವು ಮಾಡಿದ ಒಂದು ಜೊತೆಯನ್ನು 1914ರಲ್ಲಿ ಗಾಂಧೀಜಿ ಕಾಣಿಕೆಯಾಗಿ ಕೊಟ್ಟು ಬಂದರು. ಸ್ಮಟ್ಸ್ ಅದನ್ನು ಅನೇಕ ಬೇಸಗೆಗಳಲ್ಲಿ ಮೆಟ್ಟಿ, ಗಾಂಧೀಜಿಯ ಎಪ್ಪತ್ತನೆಯ ಜನ್ಮದಿನದ ಹೊತ್ತಿಗೆ, 1939ರಲ್ಲಿ, ಗೌರವದಿಂದ ಹಿಂದಿರುಗಿಸಿದರು. ಬಹಳ ಚೆಲುವಾದ ಪ್ರಸಂಗ, ನಿಜ. ಆದರೆ ಕಾನೂನು ಓದಿದವರು ಹೊಲಿದರೆ ಅದು ಇತಿಹಾಸವಾಗಿ, ಹುಟ್ಟಿದಾರಭ್ಯ ಹೊಲಿದವರದು ಹೊಸ್ತಿಲಾಚೆ ಬಿಡುವ ವಸ್ತುವಾಗಿಯೇ ಉಳಿದರೆ, ಗಾಂಧೀಜಿ ಕಲಿಸಲೆಳಸಿದ್ದನ್ನು ನಾವು ಕಲಿಯಲಿಲ್ಲವೆಂದೇ ಅರ್ಥ.

ಇಷ್ಟನ್ನು ಓದಿದ ಮೇಲೆ ಒಂದು ಜೊತೆಯನ್ನು ಕೊಳ್ಳಬೇಕೆಂದು ನಿಮಗೆ ಮನಸ್ಸಾದರೆ ಕೆಲವು ಮಾತುಗಳು. ದೀಪಾವಳಿಯಿಂದ ಈಚೆಗೆ, ಬೇಸಗೆ ಮುಗಿಯುವುದರೊಳಗೆ ಕೊಳ್ಳಿ. ಕಾಲಿಗೆ ತುಸು ಬಿಗಿಯಾದುದನ್ನೇ ಆರಿಸಿ, ಅದು ಸಡಿಲಾಗುತ್ತದೆ. ಮಳೆಯಲ್ಲಿ ಮೆಟ್ಟಬೇಡಿ; ತಪ್ಪಿ ನೆನೆದರೆ ಬಿಸಿಲಿಗೂ ಬೆಂಕಿಗೂ ಇಡದೆ ನೆರಳಿನಲ್ಲಿ ಆರಿಸಿ, ಆಮೇಲೆ ಎಣ್ಣೆ ಹಚ್ಚಿ. ಅಟ್ಟೆ ಸವೆದರೆ ಎಸೆಯಬೇಡಿ; ಮೇಲಿನ ಪಟ್ಟಿ, ವೇಣಿಗಳನ್ನು ಹಾಗೆಯೇ ಉಳಿಸಿ ಕೆಳಗೆ ಹೊಸ ಅಟ್ಟೆಯನ್ನು ಹಾಕಿಕೊಡುವವರು ಪ್ರತಿ ಊರಿನ ಬಸ್ ನಿಲ್ದಾಣದ ಮಗ್ಗುಲಲ್ಲಿ, ಒಂದು ಕೊಡೆಯ ನೆರಳಿನಲ್ಲಿ, ಈಗಲೂ ಕುಳಿತಿದ್ದಾರೆ. ಹೊಸದಕ್ಕಾಗಲಿ ರಿಪೇರಿಗಾಗಲಿ, ಅವರು ಕೇಳಿದಷ್ಟನ್ನು ಕೊಟ್ಟುಬಿಡಿ. ಅವರು ಕೇಳುವುದು ಕಡಿಮೆಯೇ.